ಪಾಯಿಂಟ್ ಮೂವತ್ತೈದು

"ಈ ಗಾಡಿ ಸುಳ್ಳು ಹೇಳಾಕತ್ತೈತಿ."

ಮಾತು ಕನ್ನಡದಲ್ಲಿತ್ತು. ಕೊಂಡಾಪುರದ ಆ ಆಫೀಸಿನಲ್ಲಿ ತೆಲುಗು ಇತ್ತು, ಹಿಂದಿ ಇತ್ತು, ಇಂಗ್ಲಿಷ್ ಬೇಕಾದಷ್ಟಿತ್ತು. ಕನ್ನಡ ಇದ್ದದ್ದು ಶೈಲಶ್ರೀಯ ಬಾಯಲ್ಲಿ ಮಾತ್ರ, ಅದೂ ಅತ್ತೆಯ ಫೋನ್ ಬಂದಾಗ. ಅವಳು ಕೀಬೋರ್ಡಿನಿಂದ ಕೈ ತೆಗೆದು ತಿರುಗಿ ನೋಡಿದಳು.

ಕಂಪನಿ ಮಾಡುತ್ತಿದ್ದದ್ದು ರೇಸಿಂಗ್ ಗೇಮ್. ಅದನ್ನು ಆಡಿ ನೋಡಲೆಂದು ಮೂಲೆಯಲ್ಲಿ ನಿಜವಾದ ಕಾರಿನ ಸೀಟು, ಸ್ಟೀರಿಂಗು, ಪೆಡಲ್‌ಗಳು, ಎದುರಿಗೆ ಮೂರು ಪರದೆ. ಆ ಸೀಟಿನಲ್ಲಿ ಹೊಸಬನೊಬ್ಬ ಕೂತಿದ್ದ. ಹೆಸರು ಕಲ್ಲೇಶ. ಸಿಕಂದರಾಬಾದಿನ ಗ್ಯಾರೇಜೊಂದರಲ್ಲಿ ವಿದೇಶಿ ಸ್ಪೋರ್ಟ್ಸ್ ಕಾರುಗಳನ್ನು ರಿಪೇರಿ ಮಾಡುವವನು, ಮಾಡಿದ ಮೇಲೆ ಓಡಿಸಿ ನೋಡುವವನು. ಗೇಮಿನ ಕಾರುಗಳು ಎಷ್ಟರ ಮಟ್ಟಿಗೆ ನಿಜ ಎಂದು ಹೇಳಲು ಮೂರು ವಾರದ ಮಟ್ಟಿಗೆ ಕರೆಸಿದ್ದರು.

"ಏನ್ ಸುಳ್ಳು?" ಎಂದಳು ಶೈಲಶ್ರೀ.

ಅವನು ಬೆಚ್ಚಿ ನೋಡಿದ. "ಅರೆ! ಕನ್ನಡ ಬರ್ತೈತೇನ್ರಿ ನಿಮಗ?"

"ಬೀದರದಾಕಿ. ಏನ್ ಸುಳ್ಳು ಅಂತ ಕೇಳಿದೆ."

"ಇದರ ಎಂಜಿನ್ ಎಲ್ಲೈತ್ರಿ?"

"ಡ್ರೈವರ್ ಬೆನ್ನ ಹಿಂದ, ಹಿಂದಿನ ಗಾಲಿಗಿಂತ ಮುಂದ. ಮಿಡ್ ಎಂಜಿನ್."

"ಹಾಂ. ಭಾರ ಎಲ್ಲಾ ನಡುವ. ಅದಕ್ಕ ತಿರುಗು ಅಂದ್ರ ತಟ್ಟನೆ ತಿರುಗ್ತೈತಿ. ಆದರ ತಿರುವಿನಾಗ ಹೆದರಿ ಆಕ್ಸಿಲರೇಟರ್ ಮ್ಯಾಲಿನ ಕಾಲು ತಗದ್ರ, ಹಿಂದಿನ ಭಾಗ ಅಷ್ಟೇ ಜಲ್ದಿ ಮುಂದಕ್ಕ ಬರ್ತೈತಿ. ಈಗ ನೋಡ್ರಿ."

ಅವನು ಪರದೆಯ ಕೆಂಪು ಕಾರನ್ನು ವೇಗವಾಗಿ ತಿರುವಿಗೆ ನುಗ್ಗಿಸಿ, ನಡುವೆ ಕಾಲು ತೆಗೆದ. ಕಾರು ತುಸುವೂ ಮುನಿಸಿಕೊಳ್ಳದೆ, ಮದುವೆ ಮನೆಗೆ ಹೊರಟ ಹಾಗೆ ಸಾವಕಾಶವಾಗಿ ತಿರುಗಿತು.

"ಬಂತೇನು? ಬರಲಿಲ್ಲ. ಯಾರೋ ಹಿಂದಿನಿಂದ ಬಾಲ ಹಿಡದಾರ. ಇದನ್ನ ಬರದಾವ ಪುಕ್ಕಲ ಇರಬೇಕು ನೋಡ್ರಿ."

ಸುತ್ತಲಿನವರಿಗೆ ಕನ್ನಡ ತಿಳಿಯದು. ಆದರೂ ಶೈಲಶ್ರೀಯ ಮುಖ ನೋಡಿ ಎಲ್ಲರ ಕೀಬೋರ್ಡುಗಳೂ ನಿಂತವು.

"ಬರದಾವ್ರು ನನ್ನ ಗಂಡ," ಎಂದಳು. "ತೀರಿಕೊಂಡು ಎರಡು ವರ್ಷ ಆತು."

ಅವನು ಸ್ಟೀರಿಂಗಿನಿಂದ ಕೈ ತೆಗೆದು ಎದ್ದು ನಿಂತ. ಎತ್ತರದ ಆಳು. ಉಗುರಿನ ಅಂಚಿನಲ್ಲಿ ತೊಳೆದರೂ ಹೋಗದ ಆಯಿಲಿನ ಗೆರೆ.

"ತಪ್ಪಾತ್ರಿ. ಪುಕ್ಕಲ ಅನಬಾರದಿತ್ತು." ತಿರುಗಿ ಪರದೆಯ ಕೆಂಪು ಕಾರನ್ನು ನೋಡಿದ. "ಆದರ ಗಾಡಿ ಸುಳ್ಳು ಹೇಳಾಕತ್ತಿದ್ದು ಖರೇ."

ಎರಡು ವರ್ಷದಲ್ಲಿ ಅವಳ ಬಳಿ ಕ್ಷಮೆ ಕೇಳಿದವರು, ಮರುಕಪಟ್ಟವರು ಲೆಕ್ಕವಿಲ್ಲ. ಅದರ ಮುಂದೆ 'ಆದರೆ' ಸೇರಿಸಿದವನು ಇವನೊಬ್ಬನೇ.

*

ಗಂಡ ಶಿವಪ್ರಕಾಶ ಮತ್ತು ಅವಳು ಎಂ.ಟೆಕ್‌ನಲ್ಲಿ ಒಂದೇ ಕ್ಲಾಸು, ಆಮೇಲೆ ಒಂದೇ ಕಂಪನಿ. ಟೈರು ರಸ್ತೆಯನ್ನು ಹೇಗೆ ಹಿಡಿಯುತ್ತದೆ ಎಂಬ ಗಣಿತ ಅವಳದು. ಕಾರು ಹೇಗೆ ತಿರುಗುತ್ತದೆ ಎಂಬುದು ಅವನದು. ನಾಲ್ಕು ದಿನದ ಜ್ವರ ಅವನನ್ನು ಒಯ್ದಿತು.

ಅಂದಿನಿಂದ ಅವನು ಬರೆದ ಆ ಫೈಲನ್ನು ಯಾರೂ ತೆರೆದಿರಲಿಲ್ಲ. ಕಂಪನಿ ನಡೆಸುವ ವಿಶಾಲಾಕ್ಷಿ ಮೇಡಂ, ಕಣ್ಣಲ್ಲಿ ನೀರಿಟ್ಟುಕೊಂಡೇ, "ಅದು ಶಿವಾದು. ಹಾಗೇ ಇರಲಿ" ಎಂದಿದ್ದರು. ಹೊಸ ಕಾರುಗಳು ಬಂದವು. ಒಂದೊಂದೂ ಆ ಫೈಲನ್ನು ದಾಟಿಯೇ ಆಟಕ್ಕಿಳಿದವು. ಆಡುವವರು ಇಂಟರ್ನೆಟ್ಟಿನಲ್ಲಿ ಗೊಣಗಿದರು: ಇವರ ಸ್ಪೋರ್ಟ್ಸ್ ಕಾರುಗಳೆಲ್ಲ ತರಕಾರಿ ತರಲು ಹೋಗುವ ಗಾಡಿಗಳ ಹಾಗಿವೆ. ಆಫೀಸಿನಲ್ಲಿ ಯಾರೂ ಅದನ್ನು ಅವಳೆದುರು ಓದಲಿಲ್ಲ.

ಅವಳೂ ತೆರೆದಿರಲಿಲ್ಲ. ಅವನು ಕೋಡಿನ ಪಕ್ಕದಲ್ಲಿ ಟಿಪ್ಪಣಿ ಬರೆಯುವವನು, ತಮಾಷೆ ಬರೆಯುವವನು. ಏನು ಸಿಗುತ್ತದೋ ಎಂಬ ಭಯ. ನಾರಾಯಣಗೂಡದ ಮನೆಯಲ್ಲೂ ಇದೇ ಎಚ್ಚರಿಕೆ. ಅತ್ತೆ ಶಿವದೇವಿ ಅವಳ ಸೀರೆಯ ಬಣ್ಣ ಆರಿಸುತ್ತಿದ್ದರು, ಬಂದವರ ಮಾತನ್ನು ಬಾಗಿಲಲ್ಲೇ ತಡೆಯುತ್ತಿದ್ದರು. ಅವಳಿಗೆ ನೋವಾಗದಂತೆ ಎಲ್ಲರೂ ಸೇರಿ ನೋಡಿಕೊಂಡಿದ್ದರು. ಅವಳಿಗೆ ಏನೂ ಆಗುತ್ತಿರಲಿಲ್ಲ. ನೋವೂ ಇಲ್ಲ, ಮತ್ತೊಂದೂ ಇಲ್ಲ.

ಮರುದಿನ ಕಲ್ಲೇಶ ಎರಡು ಗ್ಲಾಸು ಚಹಾ ಹಿಡಿದು ಅವಳ ಮೇಜಿಗೆ ಬಂದ.

"ಮೇಡಮ್ಮರ, ನೀವು ಇಂಥಾ ಗಾಡಿಯೊಳಗ ಕುಂತೀರೇನು?"

"ಏಳು ವರ್ಷ ಇದರ ಟೈರಿನ ಗಣಿತ ಮಾಡೀನಿ."

"ಕುಂತೀರೇನು ಅಂತ ಕೇಳಿದೆ."

ಅವಳು ಚಹಾ ಕುಡಿದಳು. "ಇಲ್ಲ."

ಅವನು ನಗಲಿಲ್ಲ. ನಗುವನ್ನು ಮೀಸೆಯ ಕೆಳಗೆ ಒತ್ತಿ ಹಿಡಿದದ್ದು ಮಾತ್ರ ಚೆನ್ನಾಗಿ ಕಂಡಿತು. "ಶನಿವಾರ ಒಂದು ರಿಪೇರಿ ಆದ ಗಾಡಿ ಓಡಿಸಿ ನೋಡೂದೈತಿ. ಶಾಮೀರಪೇಟ ದಾಟಿ ಖಾಸಗಿ ಟ್ರ್ಯಾಕ್ ಐತಿ. ಬರ್ರಿ. ಬಂದ ಮ್ಯಾಲೂ ನಾ ಹೇಳಿದ್ದು ಸುಳ್ಳ ಅನ್ನಿಸಿದ್ರ, ನನ್ನ ಮನಿಗೆ ಕಳಿಸಿಬಿಡ್ರಿ."

"ಕಳಸ್ತೀನಿ," ಎಂದಳು. ಅವನನ್ನು ಕಳಿಸಲೆಂದೇ ಹೋಗುತ್ತಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಳು.

*

ಶನಿವಾರ ಬೆಳಿಗ್ಗೆ ಟ್ರ್ಯಾಕಿನಲ್ಲಿ ಅವರಿಬ್ಬರೇ, ಗೇಟಿನಲ್ಲೊಬ್ಬ ಕಾವಲುಗಾರ. ಕೆಂಪು ಕಾರು ಅವಳ ಸೊಂಟದಷ್ಟೂ ಎತ್ತರವಿರಲಿಲ್ಲ. ಒಳಗೆ ಕೂರುವುದೆಂದರೆ ಬಾವಿಗಿಳಿದ ಹಾಗೆ. ಹೆಲ್ಮೆಟ್ಟಿನ ಬಕಲ್ ಹಾಕಿಕೊಳ್ಳಲು ಅವಳಿಗೆ ಬರಲಿಲ್ಲ. ಅವನು ಕೈ ಮುಂದೆ ಮಾಡಿ, ಕೇಳುವ ಹಾಗೆ ತಡೆದ. ಅವಳು ಗದ್ದ ಎತ್ತಿದಳು. ಬೆರಳು ತಾಗದ ಹಾಗೆ ಅವನು ಬಕಲ್ ಹಾಕಿದ. ಅಷ್ಟು ಜಾಗ್ರತೆಗೆ ಅವಳಿಗೆ ಸಿಟ್ಟು ಬಂತು.

"ಗಾಜಿನ ಸಾಮಾನಲ್ಲ ನಾನು."

"ಗೊತ್ತೈತ್ರಿ. ಗಾಜಿನವ್ರು ಹಂಗ ನನ್ನ ದಬಾಯಿಸಂಗಿಲ್ಲ."

ಎಂಜಿನ್ ಬೆನ್ನ ಹಿಂದೆಯೇ ಗುಡುಗಿತು, ಸೀಟಿನ ಆಚೆ ಯಾವುದೋ ದೊಡ್ಡ ಪ್ರಾಣಿ ಎದ್ದು ಕೂತಂತೆ. ಎರಡು ಸುತ್ತು ಹಾಕಿದ ಮೇಲೆ ಅವನು ಹೇಳಿದ: "ಮುಂದಿನ ತಿರುವಿನಾಗ ಕಾಲು ತಗೀತೀನಿ. ಕಣ್ಣ ಮುಚ್ಚ್ರಿ."

"ಯಾಕ?"

"ಮುಚ್ಚ್ರಿ ಅಂದೆ."

ಮುಚ್ಚಿದಳು. ಶಬ್ದ ಒಮ್ಮೆಲೆ ಇಳಿಯಿತು. ಅದೇ ಕ್ಷಣ, ಅವಳ ಸೊಂಟದ ಕೆಳಗೆ ಸೀಟು ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿಯಿತು. ಕಾರಿನ ಬಾಲವನ್ನು ಯಾರೋ ಸದ್ದಿಲ್ಲದೆ ಕದಿಯುತ್ತಿರುವ ಹಾಗೆ. ಆಮೇಲೆ ಜಗತ್ತು ತಿರುಗಿತು. ಕಣ್ಣು ಬಿಟ್ಟಾಗ ಕಾರು ಬಂದ ದಾರಿಯ ಕಡೆಗೇ ಮುಖ ಮಾಡಿ ಧೂಳಿನಲ್ಲಿ ನಿಂತಿತ್ತು. ಒಂದು ಸದ್ದು ಕೇಳುತ್ತಿತ್ತು. ಅದು ತನ್ನದೇ ನಗು ಎಂದು ತಿಳಿಯಲು ಅವಳಿಗೆ ಕೊಂಚ ಹೊತ್ತು ಹಿಡಿಯಿತು.

ಅವನು ರಸ್ತೆ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಿದ್ದ.

"ಮೊದಲು ಎಲ್ಲಿ ತಿಳೀತು?"

ಅವಳ ಮುಖ ಬಿಸಿಯಾಯಿತು. "ಸೊಂಟಕ್ಕ."

"ಕಣ್ಣಿಗಿಂತ ಮೊದಲು?"

"ಭಾಳ ಮೊದಲು."

"ಅದು ನಿಮ್ಮ ಗೇಮಿನಾಗ ಇಲ್ಲ."

ಅವಳು ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡಳು. ಯೋಚಿಸಿದಳು. "ಕಲ್ಲೇಶ್ ಅವರ, ಅಂವ ಪುಕ್ಕಲ ಅಲ್ಲ. ಕುರ್ಚಿ ಮ್ಯಾಲ ಕುಂತು ಆಡಾವಗ ಈ ಸುದ್ದಿ ಸೊಂಟಕ್ಕ ಬರೂದಿಲ್ಲ. ಪರದೆ ಮ್ಯಾಲ ಕಾಣೂದರೊಳಗ ಹೊತ್ತು ಮೀರಿರ್ತೈತಿ. ಅದಕ್ಕ ಅಂವ ಬಾಲ ಹಿಡದ."

ಕಲ್ಲೇಶ ಸ್ಟೀರಿಂಗಿನ ಮೇಲೆ ಕೈಯಾಡಿಸಿದ. "ಶಾಣ್ಯಾ ಇದ್ರು ಹಂಗಾರ," ಎಂದ. "ಆದರ ಬಾಲ ಹಿಡಿಯೂದ್ಯಾಕ? ಮೊದಲ ಸುದ್ದಿ ಮುಟ್ಟಿಸಬಹುದಿತ್ತಲ್ಲ. ಸೊಂಟಕ್ಕ ಆಗದಿದ್ರ ಕೈಗೆ. ಸ್ಟೀರಿಂಗಿನಾಗ."

ಮತ್ತೆ 'ಆದರೆ'. ಅವಳಿಗೆ ಈ ಸಲ ಸಿಟ್ಟು ಬರಲಿಲ್ಲ.

*

ಸೋಮವಾರ ಅವಳು ಫೈಲು ತೆರೆದಳು.

ಮೇಲಿಂದ ಕೆಳಗಿನವರೆಗೆ ಓದಿದಳು. ಟಿಪ್ಪಣಿ ಇರಲಿಲ್ಲ. ತಮಾಷೆ ಇರಲಿಲ್ಲ. ಅವಳ ಹೆಸರಿರಲಿಲ್ಲ. ಕಾರಿನ ತಿರುಗುವಿಕೆಯಲ್ಲಿ ಇಷ್ಟು ಪಾಲನ್ನು ಸದ್ದಿಲ್ಲದೆ ನುಂಗು ಎಂಬ ಒಂದು ಸಾಲು, ಅದರ ಮುಂದೆ ಒಂದು ಸಂಖ್ಯೆ: 0.35. ಎರಡು ವರ್ಷ ಅವಳು ಹೆದರಿದ್ದು ಈ ಸಂಖ್ಯೆಗೆ.

ಬಾತ್‌ರೂಮಿಗೆ ಹೋಗಿ ಅತ್ತಳು. ಮುಖ ತೊಳೆದುಕೊಂಡು ಬಂದು ಆ ಸಾಲು ಅಳಿಸಿದಳು. ಕಲ್ಲೇಶ ಅಳಿಸು ಎಂದಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಅಳಿಸಿದವಳು ಅವಳು.

ಸಂಜೆಯ ಹೊತ್ತಿಗೆ ಆಫೀಸಿನ ಪರದೆಗಳಲ್ಲೆಲ್ಲ ಕಾರುಗಳು ಬುಗುರಿಯಂತೆ ತಿರುಗುತ್ತಿದ್ದವು. ವಿಶಾಲಾಕ್ಷಿ ಮೇಡಂ ಓಡಿಬಂದರು. "ಶೈಲಾ, ಏನಿದು?" ಎಂದರು ತೆಲುಗಿನಲ್ಲಿ. "ಅದು ಶಿವಾದಲ್ಲವಾ?"

"ಶಿವಾದು ಮೇಡಂ. ಅವನು ಇದ್ದಿದ್ದರೆ ನಾನು ಎರಡು ವರ್ಷದ ಹಿಂದೆಯೇ ಜಗಳವಾಡಿ ತೆಗೆಸಿರುತ್ತಿದ್ದೆ. ಅವನು ಇಲ್ಲ ಅಂತ ಯಾರೂ ಜಗಳವಾಡಲಿಲ್ಲ. ನನಗೆ ಎರಡು ವಾರ ಕೊಡಿ."

"ಆಗದಿದ್ದರೆ?"

"ಆಗದಿದ್ದರೆ ಕಾರು ತೆಗೆದುಬಿಡಿ. ಸುಳ್ಳು ಕಾರು ಬೇಡ."

ಮೇಡಂ ಅವಳನ್ನು ನೋಡಿದರು. ಎರಡು ವರ್ಷದಲ್ಲಿ ಅವಳು ಏನನ್ನಾದರೂ ಬೇಡ ಎಂದದ್ದು ಅದೇ ಮೊದಲು. ಎರಡು ವಾರ ಕೊಟ್ಟರು.

ಕೆಲಸ ಹೀಗಿತ್ತು: ಹಿಂದಿನ ಟೈರು ಜಾರಲು ಶುರುವಾಗುವ ಮುಂಚೆ ಸ್ಟೀರಿಂಗು ಕೈಯಲ್ಲಿ ಹಗುರಾಗಬೇಕು. ಎಷ್ಟು ಮುಂಚೆ, ಎಷ್ಟು ಹಗುರ? ಕಣ್ಣಿನ ಸಹಾಯವಿಲ್ಲದೆ ಕೈ ಅದನ್ನು ಹಿಡಿಯಬೇಕು. ಕಲ್ಲೇಶ ಕಣ್ಣು ಕಟ್ಟಿಕೊಳ್ಳುತ್ತೇನೆ ಎಂದ.

"ನಿಮ್ಮ ಓಢಣಿ ಕೊಡ್ರಿ."

"ಕರ್ಚೀಫ್ ಇಲ್ಲೇನು?"

"ಆಯಿಲ್ ಐತಿ ಅದಕ್ಕ."

"ಬೇಕಂತ ಹಚ್ಚಿಕೊಂಡು ಬಂದೀರಿ."

"ಹಂಗೂ ಇರಬಹುದು."

ಅವಳು ಹಸಿರು ಓಢಣಿ ಕೊಟ್ಟಳು. ಕಂಪ್ಯೂಟರು ಕಾರನ್ನು ತಿರುವಿಗೆ ಒಯ್ಯುವುದು, ಅವನು ಸ್ಟೀರಿಂಗು ಹಿಡಿದು ಕೂತು, ಬಾಲ ಸರಿಯಿತೆನ್ನಿಸಿದ ಕೂಡಲೇ "ಈಗ" ಎನ್ನುವುದು. ಅವಳು ಎಷ್ಟು ತಡವಾಯಿತೆಂದು ನೋಡಿ ಗಣಿತ ತಿದ್ದುವುದು. ಮೊದಲ ದಿನ ಅರ್ಧ ಸೆಕೆಂಡ್ ತಡ. ನಾಲ್ಕನೇ ದಿನ ಅದರ ಅರ್ಧ. ಅವನ "ಈಗ"ಗಳು ಅವಳ ಕಿವಿಗೆ ಅಭ್ಯಾಸವಾದವು. ಗಟ್ಟಿ ಈಗ, ಅನುಮಾನದ ಈಗ, ಚಹಾ ಬೇಕಾದಾಗಿನ ಈಗ. ಕಣ್ಣು ಕಟ್ಟಿದ ಮುಖವನ್ನು ಎಷ್ಟು ಹೊತ್ತು ನೋಡಿದರೂ ಅದು ತಿರುಗಿ ನೋಡುವುದಿಲ್ಲ. ಅವಳು ನೋಡಿದಳು.

ಹತ್ತನೇ ದಿನ "ಈಗ" ಎಂಬ ಮಾತೂ ಟೈರಿನ ಜಾರುವಿಕೆಯೂ ಪರದೆಯ ಒಂದೇ ಗೆರೆಯ ಮೇಲೆ ಬಿದ್ದವು.

"ಬಂತು!" ಎಂದಳು. "ಕಲ್ಲೇಶ್ ಅವರ, ಬಂತು!"

ಅವನು ಕಟ್ಟು ಬಿಚ್ಚಲಿಲ್ಲ. "ಇನ್ನೊಂದು ಮಾತೈತ್ರಿ. ಹಿಂಗ ಹೇಳಿಬಿಡ್ತೀನಿ, ಕಣ್ಣ ಬಿಟ್ರ ಧೈರ್ಯ ಹೋಗ್ತೈತಿ. ನಿಮ್ಮ ಕೂಡ ಲಗ್ನ ಆಗಬೇಕಂತ ಆಸೆ ಐತಿ ನನಗ. ನಮ್ಮವ್ವಗೂ ಹೇಳೀನಿ."

ಅವಳ ಎದೆಯಲ್ಲಿ ಏನೋ ಒಂದು ಬೆರಳಿನಷ್ಟು ಸರಿಯಿತು.

"ಪುಕ್ಕಲ," ಎಂದಳು. "ಬಿಚ್ಚಿ ಹೇಳ್ರಿ."

ಅವನು ಓಢಣಿ ಕೆಳಗೆಳೆದ. ಕೂದಲು ಕೆದರಿತ್ತು, ಕಿವಿ ಕೆಂಪಾಗಿತ್ತು. ನೇರ ಅವಳ ಕಣ್ಣನ್ನೇ ನೋಡುತ್ತ, ಒಂದೊಂದೇ ಮಾತಾಗಿ, ಅಷ್ಟನ್ನೂ ಮತ್ತೊಮ್ಮೆ ಹೇಳಿದ.

"ಹೂಂ," ಎಂದಳು ಅವಳು.

ಮರುದಿನ ವಿಶಾಲಾಕ್ಷಿ ಮೇಡಂ ಸೀಟಿನಲ್ಲಿ ಕೂತು ಎರಡು ಸಲ ಕಾರನ್ನು ಬುಗುರಿಯಂತೆ ತಿರುಗಿಸಿಬಿಟ್ಟರು. ಮೂರನೆಯ ಸಲ ಕೈಗೆ ಸುದ್ದಿ ಬಂತು. ಕಾರನ್ನು ಉಳಿಸಿಕೊಂಡು ಇಡೀ ಮಹಡಿಗೆ ಕೇಳುವಂತೆ ಕೂಗಿದರು. ಅಳಿಸಿದ ಸಂಖ್ಯೆ ಮತ್ತೆ ಬರಲಿಲ್ಲ.

*

ಉಳಿದದ್ದು ನಾರಾಯಣಗೂಡ.

ಅತ್ತೆಯ ಅಣ್ಣ ಸೂಗಪ್ಪ ಬೀದರಿನಿಂದ ಬಂದಿದ್ದರು. ಒಳ್ಳೆಯ ಮನುಷ್ಯ. ಕಲ್ಲೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಊರು ಸುರಪುರ ಎಂದು ಕೇಳಿ ತಿಳಿದು, ಕೈ ಹಿಡಿದು ಮಾತಾಡಿದರು. ಶಿವದೇವಿ ಗೋಡೆಗೊರಗಿ ಕೂತಿದ್ದರು.

"ನಮ್ಮದೇನೂ ತಕರಾರಿಲ್ಲಪಾ," ಎಂದರು ಸೂಗಪ್ಪ. "ಹುಡುಗಿ ಸಣ್ಣಾಕಿ. ಎರಡನೇ ಲಗ್ನ ಅಂದ್ರ ಉಡಿಕಿ, ಅದನ್ನ ಮಾಡಿ ಕಳಸೂಣು. ನಮ್ಮ ಕಡೆ ಪದ್ಧತಿ ಗೊತ್ತೈತಲ್ಲ? ನಸುಕಿನಾಗ, ಸೂರ್ಯ ಹುಟ್ಟೂದರೊಳಗ. ದೀಪ ಸಣ್ಣ ಮಾಡಿ ಒಂದು ಸೀರೆ ಉಡಿಸೂದು. ವಾಲಗ ಇಲ್ಲ, ಊಟ ಇಲ್ಲ. ಮುತ್ತೈದೇರು ನೋಡಬಾರದು, ಅಷ್ಟ. ಬೆಳಕಾಗೂದ್ರಾಗ ನೀ ಕರಕೊಂಡು ಹೋಗಿಬಿಡು."

"ಬ್ಯಾಡ," ಎಂದಳು ಶೈಲಶ್ರೀ.

"ಲಗ್ನ ಬ್ಯಾಡೇನವಾ?"

"ಲಗ್ನ ಬೇಕು ಮಾವಾ. ಕತ್ತಲಿ ಬ್ಯಾಡ."

ಸೂಗಪ್ಪ ಕಲ್ಲೇಶನ ಕಡೆ ತಿರುಗಿದರು. ಕಲ್ಲೇಶ ಅವಳನ್ನು ನೋಡಿದ, ಹಿರಿಯರನ್ನು ನೋಡಿದ.

"ಹೆಂಗಾದ್ರೂ ಆಗ್ಲಿ ಬಿಡ್ರಿ," ಎಂದ. "ಹಿರ್ಯಾರ ಮನಸ್ಸಿಗೆ ಬ್ಯಾಸರ ಬ್ಯಾಡ. ನೀವು ಬಂದ್ರ ಸಾಕು ನನಗ."

ಶೈಲಶ್ರೀ ಎದ್ದು ಹೊರಗೆ ಹೋದಳು.

ಅವನು ಹಿಂದೆಯೇ ಬಂದ. ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ಎದುರಿನ ಕೋಚಿಂಗ್ ಸೆಂಟರ್ ಬಿಟ್ಟು ರಸ್ತೆ ತುಂಬ ಹುಡುಗ ಹುಡುಗಿಯರು.

"ಸಿಟ್ಟಾದ್ರೇನು?"

"ಮೊದಲನೇ ದಿನ ನನ್ನ ಆಫೀಸಿಗೆ ಬಂದು, ಸತ್ತ ಗಂಡನ ಕೋಡು ಅಂತ ಗೊತ್ತಾದ ಮ್ಯಾಲೂ, ಸುಳ್ಳು ಅಂತ ನಿಂತು ಹೇಳಿದ್ರಿ. ಒಂದು ಗಾಡಿ ಸಲುವಾಗಿ. ಕಬ್ಬಿಣದ ಗಾಡಿ. ನನ್ನ ಸಲುವಾಗಿ ಹೆಂಗಾದ್ರೂ ಆಗ್ಲಿ?"

"ಹಂಗಲ್ರಿ..."

"ಹಂಗ. ಎರಡು ವರ್ಷ ಎಲ್ಲಾರೂ ನನ್ನ ಮೆತ್ತಗ ಹಿಡಕೊಂಡಾರ. ಪ್ರೀತಿಯಿಂದನ ಹಿಡಕೊಂಡಾರ. ನೀವೂ ಹಂಗ ಹಿಡಿಯೂದಿದ್ರ ನನಗ ಬ್ಯಾಡ. ಕದ್ದ ಸಾಮಾನ ಒಯ್ದಂಗ ನನ್ನ ನಸುಕಿನಾಗ ಒಯ್ಯಬ್ಯಾಡ್ರಿ. ನಾ ಏನ್ ತಪ್ಪು ಮಾಡೀನಿ? ಬದುಕಿ ಉಳದೀನಿ, ಅಷ್ಟ."

ಅವಳ ದನಿ ಒಡೆಯಲಿಲ್ಲ. ಒಡೆದಿದ್ದರೆ ಅವನಿಗೆ ಸುಲಭವಾಗುತ್ತಿತ್ತೇನೋ. ಅವನು ಒಂದು ಮೆಟ್ಟಿಲು ಕೆಳಗಿಳಿದು, ಅವಳ ಮುಖಕ್ಕೆ ಮುಖ ಸರಿಯಾಗುವಂತೆ ನಿಂತ.

"ನೀವು ಬರಂಗಿಲ್ಲೇನೋ ಅಂತ ಹೆದರಿದೆ," ಎಂದ. "ಹೆದರಿ ಬಾಯಿ ಬಿಟ್ಟೆ. ತಪ್ಪಾತು."

ಅವಳು ಕಾದಳು.

"ಆದರ ಅಂತ ಏನೂ ಇಲ್ರಿ ಈ ಸಲ."

ಅವಳಿಗೆ ನಗು ಬಂತು. ತಡೆಯಲು ನೋಡಿದಳು, ತುಟಿಯ ಒಂದು ತುದಿ ಮಾತು ಕೇಳಲಿಲ್ಲ. ಅವನು ಅದನ್ನು ನೋಡಿದ, ಮೆಟ್ಟಿಲು ಹತ್ತಿ ಒಳಗೆ ಹೋದ.

"ಮಾವಾರ, ಹಗಲು ಹನ್ನೆರಡಕ್ಕ," ಎಂದ, ನಿಂತೇ. "ವಾಲಗಾನೂ ಬೇಕು, ಊಟಾನೂ ಬೇಕು. ಯಾರ್ಯಾರಿಗೆ ನೋಡೂದೈತಿ ಅವ್ರು ನೋಡ್ಲಿ."

"ನಮ್ಮ ಕಡ್ಯಾವ್ರು ಒಬ್ರೂ ಬರಂಗಿಲ್ಲಪಾ. ನಾನೂ ಬರಾಕಾಗೂದಿಲ್ಲ," ಎಂದರು ಸೂಗಪ್ಪ. ಅವರ ದನಿಯಲ್ಲಿ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು.

"ಬ್ಯಾಡ್ರಿ ಮಾವಾ. ಬ್ಯಾಸರ ಇಲ್ಲ," ಎಂದಳು ಶೈಲಶ್ರೀ ಬಾಗಿಲಿನಿಂದ.

ಆಗ ಶಿವದೇವಿ ಗೋಡೆ ಹಿಡಿದು ಎದ್ದರು.

"ಅಣ್ಣಾ, ಮೂವತ್ತು ವರ್ಷದ ಹಿಂದ ನನಗೂ ಕೇಳಿದ್ರಿ ನೀವೆಲ್ಲಾ, ಉಡಿಕಿ ಮಾಡ್ತೀವಿ ಅಂತ. ನಾ ಬ್ಯಾಡಂದೆ. ಮಗನ ಸಲುವಾಗಿ ಬ್ಯಾಡಂದೆ ಅಂತ ಊರೆಲ್ಲಾ ಹೊಗಳಿತು." ಸೆರಗು ಸರಿಮಾಡಿಕೊಂಡರು. "ಮಗನ ಸಲುವಾಗಿ ಅಲ್ಲ. ಆ ಕತ್ತಲಿಗೆ ಅಂಜಿ ಬ್ಯಾಡಂದೆ. ಈಕಿ ಅಂಜೂದಿಲ್ಲ. ಹನ್ನೆರಡಕ್ಕ, ನನ್ನ ಮನಿ ಅಂಗಳದಾಗ."

*

ಮದುವೆ ಭಾನುವಾರ. ಚಪ್ಪರ ಹಾಕುತ್ತೇವೆ ಎಂದರು ಗ್ಯಾರೇಜಿನ ಗೆಳೆಯರು. ಶೈಲಶ್ರೀ ಬೇಡವೆಂದಳು. ಬಂದವರು ಮೂವತ್ತು ಜನರೂ ಇರಲಿಲ್ಲ. ಬೀದರಿನಿಂದ ಯಾರೂ ಇಲ್ಲ. ವಾಲಗದವರು ಗೇಟಿನ ಪಕ್ಕ ಕೂತು, ರಸ್ತೆಯ ಹಾರ್ನುಗಳ ಮೇಲೆ ದನಿ ಏರಿಸಿ ನುಡಿಸುತ್ತಿದ್ದರು.

ಮೂವತ್ತು ವರ್ಷ ಮಂಗಳಕಾರ್ಯಗಳಲ್ಲೆಲ್ಲ ಹಿಂದಿನ ಕೋಣೆಯಲ್ಲೇ ಕೂತಿದ್ದ ಶಿವದೇವಿ ಅಂಗಳದ ನಟ್ಟನಡುವೆ ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು. ಪಕ್ಕದ ಮನೆಯ ಬಾಲ್ಕನಿಯಲ್ಲಿ ಇಬ್ಬರು ಮುತ್ತೈದೆಯರು ಬಾಗಿಲ ಮರೆಯಿಂದ ಅರ್ಧ ಮುಖ ಹಾಕಿ ನೋಡುತ್ತಿದ್ದರು.

"ಅಲ್ಲಿಂದೇನ್ ನೋಡ್ತೀರಿ?" ಶಿವದೇವಿ ಕತ್ತೆತ್ತಿ ಕೂಗಿದರು. "ಕೆಳಗ ಬರ್ರಿ. ಅಕ್ಷತಿ ಹಾಕ್ರಿ."

ಒಬ್ಬಳು ಒಳಗೆ ಸರಿದಳು. ಇನ್ನೊಬ್ಬಳು ಒಂದು ಗಳಿಗೆ ನಿಂತು, ಸೆರಗನ್ನು ಹೆಗಲಿಗೆ ಹೊದ್ದು, ಮೆಟ್ಟಿಲಿಳಿಯತೊಡಗಿದಳು.

ಕಲ್ಲೇಶ ತಾಳಿ ಕಟ್ಟಿದ. ಉಗುರಿನ ಅಂಚಿನ ಆಯಿಲು ಅಂದೂ ಹೋಗಿರಲಿಲ್ಲ. ಅವನ ಬೆರಳು ಈ ಸಲ ಅವಳ ಕುತ್ತಿಗೆಗೆ ತಾಗಿತು, ಬೇಕೆಂದೇ ತುಸು ಹೊತ್ತು ಅಲ್ಲೇ ಉಳಿಯಿತು. ಸೂರ್ಯ ನೆತ್ತಿಯ ಮೇಲಿದ್ದ. ಯಾರಿಗೂ ನೆರಳೇ ಇರಲಿಲ್ಲ.

"ಬಿಸಿಲು ಭಾಳ ಐತಿ," ಅವನು ಅವಳ ಕಿವಿಯ ಹತ್ತಿರ ಹೇಳಿದ. "ಒಳಗ ಹೋಗೂಣೇನು?"

ಪಕ್ಕದ ಮನೆಯವಳು ಗೇಟು ತೆಗೆಯುತ್ತಿದ್ದಳು. ಅವಳ ಹಿಂದೆ, ಒಳಗೆ ಸರಿದಿದ್ದವಳೂ ಇದ್ದಳು.

"ತಡಿ," ಎಂದಳು ಶೈಲಶ್ರೀ, ಅವನ ಕೈಯನ್ನು ಎಲ್ಲರೆದುರು ಹಿಡಿದುಕೊಂಡು. "ಇನ್ನೂ ಜನ ಬರಾಕತ್ತಾರ."